ನಿಮ್ಮೂರಲ್ಲೇ ಒಂದು ಸಂವಾದ ಮಾಡೋದು ಹೇಗೆ: ಹಾರ-ತುರಾಯಿ ಕಮ್ಮಿ, ಪ್ರಶ್ನೆ ಜಾಸ್ತಿ

ರಾತ್ರಿ ಟೀವೀಲಿ ಡಿಬೇಟ್ ನೋಡಿ ತಲೆ ಚಿಟ್ಟು ಹಿಡಿದು, "ಇದನ್ನೇ ನಮ್ಮೂರಲ್ಲಿ ನಾಲ್ಕು ಜನ ಕೂತ್ಕೊಂಡು ನೆಟ್ಟಗೆ ಮಾತಾಡಬಹುದಲ್ವಾ" ಅಂತ ಅನ್ಸಿರೋರಿಗೆ ಇದು. ಬೆಂಗಳೂರಲ್ಲಾದ್ರೆ ಗಾಂಧಿ ಭವನ ಇದೆ, ದೊಮ್ಮಲೂರಿನ ಇಂಟರ್‌ನ್ಯಾಷನಲ್ ಸೆಂಟರ್ ಇದೆ, ಡಿವಿಜಿಯವರು 1945ರಲ್ಲೇ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದ್ದು ಜನ ಸಾರ್ವಜನಿಕ ವಿಷಯಗಳನ್ನ ಓದ್ಕೊಂಡು ಮಾತಾಡೋದು ಕಲೀಲಿ ಅಂತಾನೇ. ಧಾರವಾಡದ ವಿದ್ಯಾವರ್ಧಕ ಸಂಘ 1890ರದ್ದು, ಅಲ್ಲೂ ವೇದಿಕೆಗೆ ಬರ ಇಲ್ಲ. ತಾಲೂಕು ಊರಿಗೆ ಬಂದ್ರೆ ಮಾತ್ರ ವೇದಿಕೆ ಅಂದ್ರೆ ಜಯಂತಿ, ಸನ್ಮಾನ, ಇಲ್ಲಾ ಪಾರ್ಟಿ ಸಭೆ, ಅಷ್ಟೇ. ಗ್ರಾಮಸಭೆ ಇದೆಯಲ್ಲ ಅಂತ ಕೇಳಬಹುದು, ಅದು ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ನಡೆಯೋ ಸಭೆ, ಅಲ್ಲಿ ಫಲಾನುಭವಿ ಪಟ್ಟಿ, ಕ್ರಿಯಾಯೋಜನೆ ಅಂತ ಅದರದ್ದೇ ಕೆಲಸ ಇರುತ್ತೆ, ನಿಧಾನವಾಗಿ ಒಂದು ವಿಷಯ ಹಿಡಿದು ಮಾತಾಡೋಕೆ ಅಲ್ಲಿ ಪುರುಸೊತ್ತು ಸಿಗಲ್ಲ.

ಇಂಥ ಸಂವಾದ ಮಾಡೋಕೆ ಎಲ್ರೂ ಹೆದರೋದು ಜಗಳ ಆಗುತ್ತೆ ಅಂತ. ನಾನು ನೋಡಿದ ಮಟ್ಟಿಗೆ ಹೆಚ್ಚಿನವು ಕೆಟ್ಟಿರೋದು ಸ್ವಾಗತ ಭಾಷಣದಲ್ಲೇ. ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ ನುಡಿ, ಗಣ್ಯರಿಗೆ ಶಾಲು ಹಾರ ಹಣ್ಣಿನ ಬುಟ್ಟಿ, ಉದ್ಘಾಟಕರ ಮಾತು, ಮುಖ್ಯ ಅತಿಥಿ ಮಾತು, ಇದೆಲ್ಲ ಮುಗಿಯೋ ಹೊತ್ತಿಗೆ ಮುಕ್ಕಾಲು ಟೈಮ್ ಹೋಗಿರುತ್ತೆ, ಆಮೇಲೆ ನಿರೂಪಕರು "ಸಮಯದ ಅಭಾವದಿಂದ ಪ್ರಶ್ನೋತ್ತರ ಮೊಟಕುಗೊಳಿಸಲಾಗಿದೆ" ಅಂತಾರೆ. ಪ್ರಶ್ನೆ ಕೇಳೋಕೆ ಅಂತ ಬಂದೋರು ಮನೆಗೆ ಹೋಗ್ತಾರೆ. ಹಂಗಾಗಿ ಈ ಇಡೀ ಬರಹದ ಲೆಕ್ಕ ಒಂದೇ, ಕೂತಿರೋ ಜನಕ್ಕೆ ಹತ್ತಿರ ಹತ್ತಿರ ಅರ್ಧ ಸಮಯ ಹೇಗೆ ಉಳಿಸೋದು ಅನ್ನೋದು.

ಮೊದಲು ಪ್ರಶ್ನೆ ಹುಡುಕಿ

"ಗ್ಯಾರಂಟಿ ಯೋಜನೆಗಳು: ಸಾಧಕ-ಬಾಧಕ" ಅಂತ ಬ್ಯಾನರ್ ಹಾಕಿದ್ರೆ ಮುಗೀತು, ಯಾರು ಏನು ಹೇಳ್ತಾರೆ ಅಂತ ಹಾಲ್‌ಗೆ ಬರೋಕೆ ಮುಂಚೆನೇ ಎಲ್ಲರಿಗೂ ಗೊತ್ತು, ಅರ್ಧ ಜನ ಚಪ್ಪಾಳೆ ಹೊಡೀತಾರೆ ಇನ್ನರ್ಧ ಜನ ಮೊಬೈಲ್ ನೋಡ್ತಾರೆ. ಅದೇ ವಿಷಯಾನ "ಶಕ್ತಿ ಯೋಜನೆ (ಹೆಂಗಸರಿಗೆ ಫ್ರೀ ಬಸ್) ಬಂದ್ಮೇಲೆ ನಮ್ಮ ತಾಲೂಕಿನ ಬಸ್ ಓಡಾಟದಲ್ಲಿ ಏನು ಬದಲಾಯ್ತು, ಇನ್ನೇನು ಆಗಬೇಕು?" ಅಂತ ಕೇಳಿ ನೋಡಿ. ಈಗ ಆಟೋದೋರಿಗೂ ಹೇಳೋಕೆ ಏನೋ ಇರುತ್ತೆ, ಕಾಲೇಜ್ ಹುಡುಗೀರಿಗೂ ಇರುತ್ತೆ, ಗಾರ್ಮೆಂಟ್ಸ್‌ಗೆ ಹೋಗೋ ಹೆಂಗಸರಿಗೂ, ಟಿಕೆಟ್ ಕೊಟ್ಟು ನಿಂತ್ಕೊಂಡೇ ಹೋಗೋ ಗಂಡಸರಿಗೂ ಇರುತ್ತೆ. ಯಾವ ಪಾರ್ಟಿಯವರಾದ್ರೂ ಬಸ್ ಹತ್ತಲೇಬೇಕಲ್ಲ.

ನಾನು ನೋಡೋ ಪರೀಕ್ಷೆ ಎರಡೇ. ಪ್ರಶ್ನೆ ಒಳಗೆ ನಿಮ್ಮೂರ ಹೆಸರು ಸೇರಿಸಿದ್ರೆ ಅದಕ್ಕೆ ಅರ್ಥ ಇರುತ್ತಾ? ಹಾಲ್‌ನಲ್ಲಿ ಕೂತಿರೋರಲ್ಲಿ ಕೆಲವರಾದ್ರೂ ಪೇಪರ್‌ನಲ್ಲಿ ಓದಿದ್ದು ಬಿಟ್ಟು ಸ್ವಂತ ಅನುಭವದಿಂದ ಉತ್ತರ ಕೊಡಬಲ್ಲರಾ? ಎರಡಕ್ಕೂ ಹೌದು ಅಂದ್ರೆ ಮುಂದುವರೀರಿ.

ಎಲ್ಲ ವಿಷಯನೂ ಹೀಗೆ ಬಗ್ಗಲ್ಲ. ಲೋಕಸಭಾ ಕ್ಷೇತ್ರ ಪುನರ್ವಿಂಗಡಣೆ ತಗೊಳ್ಳಿ, ರಾಜ್ಯವಾರು ಸೀಟು ಹಂಚಿಕೆ 1971ರ ಜನಗಣತಿ ಮೇಲೆ ನಿಂತಿದೆ, ನಮ್ಮ 28 ಸೀಟು ಮುಂದೆ ಏನಾಗಬಹುದು ಅನ್ನೋದು ದೊಡ್ಡ ವಿಷಯ, ಆದ್ರೆ ಅದಕ್ಕೆ ಪ್ಯಾನೆಲ್ ಬೇಡ, ಚೆನ್ನಾಗಿ ಗೊತ್ತಿರೋ ಒಬ್ಬರನ್ನ ಕರೆಸಿ ಬೋರ್ಡ್ ಮೇಲೆ ಬರೆಸಿ ಪ್ರಶ್ನೆ ಕೇಳ್ಸಿದ್ರೆ ಸಾಕು. ಒಳಮೀಸಲಾತಿ, ಅಂದ್ರೆ ಪರಿಶಿಷ್ಟ ಜಾತಿಗಳ ಮೀಸಲಾತಿನ ಅವರೊಳಗೇ ಗುಂಪುವಾರು ಹಂಚೋದು, ಇದಕ್ಕೆ ಉಲ್ಟಾ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ಜಡ್ಜ್‌ಗಳ ಪೀಠ ರಾಜ್ಯಗಳು ಹಾಗೆ ಹಂಚಬಹುದು ಅಂತ ತೀರ್ಪು ಕೊಟ್ಟ ಮೇಲೆ, ಆಮೇಲೆ ರಾಜ್ಯ ಸರ್ಕಾರ ನೇಮಿಸಿದ್ದ ನಾಗಮೋಹನ ದಾಸ್ ಆಯೋಗದ ವರದಿ ಬಂದ ಮೇಲೆ, ಇದು ಹಾಲ್‌ನಲ್ಲಿ ಕೂತಿರೋರ ಮಕ್ಕಳ ಸೀಟು, ಕೆಲಸದ ಪ್ರಶ್ನೆ ಆಗಿಬಿಟ್ಟಿದೆ. ಜಾತಿ ಸಮೀಕ್ಷೆನೂ ಅಷ್ಟೇ. ಮಾಡಬೇಡಿ ಅಂತ ಖಂಡಿತ ಹೇಳಲ್ಲ, ಮೊದಲನೇ ಕಾರ್ಯಕ್ರಮಕ್ಕೆ ಬೇಡ, ಸಭೆ ನಡೆಸೋರ ಕೈ ಪಳಗಲಿ ಆಮೇಲೆ ಮಾಡಿ, ಮಾಡುವಾಗ ಆ ಸಮುದಾಯದವರನ್ನ ಬಿಟ್ಟು ಅವರ ಬಗ್ಗೆ ಬೇರೆಯವರು ಮಾತಾಡೋ ಹಾಗೆ ಮಾತ್ರ ಮಾಡಬೇಡಿ.

ಜೊತೆಗೆ ಯಾರು

ಐದಾರು ಜನ ಸಾಕು. ಒಂದೇ ಬೀದಿ, ಒಂದೇ ಜಾತಿ, ಒಂದೇ ಸಂಘಟನೆಯ ಐದು ಜನ ಆದ್ರೆ ಊರಿಗೆ ಅದು ಮಾರನೇ ದಿನಾನೇ "ಅವ್ರ ಪ್ರೋಗ್ರಾಂ" ಆಗೋಗುತ್ತೆ. ಕನಿಷ್ಠ ಇಬ್ಬರು ಹೆಂಗಸರು ಇರಲಿ, ಟೀ ಹಂಚೋಕೆ ಅಲ್ಲ ಮತ್ತೆ, ಪ್ರಶ್ನೆ ತೀರ್ಮಾನ ಮಾಡೋಕೆ. ಹೈಸ್ಕೂಲ್ ಮೇಷ್ಟ್ರು, ಲೈಬ್ರರಿಯವರು, ಎಲ್‌ಐಸಿ ಏಜೆಂಟು, ಇಂಥೋರು ಬಂಗಾರ, ಯಾಕಂದ್ರೆ ಅವರಿಗೆ ಎಲ್ಲಾ ಕೇರಿಲೂ ಪರಿಚಯ ಇರುತ್ತೆ. ಸಂಘದ ಹೆಸರು, ಲೋಗೋ, ಅಧ್ಯಕ್ಷರು ಕಾರ್ಯದರ್ಶಿ ಅಂತ ಶುರು ಹಚ್ಕೋಬೇಡಿ, ಪದಾಧಿಕಾರಿಗಳ ಆಯ್ಕೆಯಲ್ಲೇ ಮೂರು ತಿಂಗಳು ಹೋಗುತ್ತೆ.

ವೇದಿಕೆ ಮೇಲೆ ಮೂರು ಜನ, ಹೆಚ್ಚಂದ್ರೆ ನಾಲ್ಕು

ಇಲ್ಲಿ ಒತ್ತಡ ಜಾಸ್ತಿ ಬರುತ್ತೆ. "ಅವರನ್ನ ಕರೆದು ಇವರನ್ನ ಬಿಟ್ರೆ ಬೇಜಾರ್ ಮಾಡ್ಕೋತಾರೆ" ಅಂತ ಒಬ್ಬೊಬ್ಬರೇ ಸೇರಿ ಎಂಟು ಕುರ್ಚಿ ಆಗುತ್ತೆ. ಎಂಟು ಜನ ಹತ್ತತ್ತು ನಿಮಿಷ ಅಂದ್ರೆ ಎಂಬತ್ತು ನಿಮಿಷ, ಹತ್ತು ನಿಮಿಷ ಅಂತ ಹೇಳಿ ಹತ್ತೇ ನಿಮಿಷ ಮಾತಾಡೋ ಮನುಷ್ಯ ನಮ್ಮಲ್ಲಿ ಎಲ್ಲಿದಾನೆ ಹೇಳಿ. ಬೇಜಾರಾಗೋರನ್ನ ಮುಂದಿನ ಸಾಲಲ್ಲಿ ಕೂರಿಸಿ, ಮೊದಲ ಪ್ರಶ್ನೆಗಳಲ್ಲಿ ಒಂದು ಅವರದ್ದು ಅಂತ ಮುಂಚೆನೇ ಹೇಳಿಡಿ, ಸಾಕು.

ಬಸ್ಸಿನ ಉದಾಹರಣೆಗೇ ಹೇಳೋದಾದ್ರೆ ನಾನು ಕರೆಯೋದು ಇವರನ್ನ: ರಿಟೈರ್ ಆಗಿರೋ ಒಬ್ಬ ಕಂಡಕ್ಟರ್ (ಸರ್ವೀಸಲ್ಲಿ ಇರೋರಿಗೆ ಬಾಯಿ ಬಿಟ್ಟು ಮಾತಾಡೋಕೆ ಕಷ್ಟ, ಇಲಾಖೆ ನಿಯಮ ಇರುತ್ತೆ), ದಿನಾ ಹಳ್ಳಿಯಿಂದ ಟೌನಿಗೆ ಕೆಲಸಕ್ಕೆ ಬರೋ ಒಬ್ಬ ಹೆಣ್ಣುಮಗಳು, ಆಟೋ ಇಲ್ಲಾ ಖಾಸಗಿ ಬಸ್ ಕಡೆಯೋರು ಒಬ್ರು, ಬಜೆಟ್ ಲೆಕ್ಕ ಓದೋಕೆ ಬರೋ ಡಿಗ್ರಿ ಕಾಲೇಜಿನ ಎಕನಾಮಿಕ್ಸ್ ಲೆಕ್ಚರರ್ ಒಬ್ರು. ಇವರಲ್ಲಿ ಲೆಕ್ಚರರ್ ಬಿಟ್ರೆ ಯಾರಿಗೂ ಮೈಕ್ ಅಭ್ಯಾಸ ಇರಲ್ಲ. ಒಂದು ವಾರ ಮುಂಚೆ ಅವರ ಮನೆಗೆ ಹೋಗಿ ಕಾಫಿ ಕುಡೀತಾ "ನೀವು ಭಾಷಣ ಮಾಡೋದೇನೂ ಬೇಡಕ್ಕ, ಬೆಳಗ್ಗೆ ಎಷ್ಟೊತ್ತಿಗೆ ಏಳ್ತೀರಾ, ಬಸ್ ಎಲ್ಲಿ ಹಿಡೀತೀರಾ, ಮುಂಚೆ ತಿಂಗಳಿಗೆ ಎಷ್ಟು ದುಡ್ಡು ಹೋಗ್ತಿತ್ತು, ಅದನ್ನೇ ನಾನು ಕೇಳ್ತೀನಿ ನೀವು ಹೇಳಿ" ಅನ್ನಬೇಕು. ಇಷ್ಟು ಹೇಳಿದ್ರೆ ಅವರು ಲೆಕ್ಚರರ್‌ಗಿಂತ ಚೆನ್ನಾಗಿ ಮಾತಾಡ್ತಾರೆ, ನೋಡ್ತಿರಿ.

ರಾಜಕಾರಣಿಗಳನ್ನ ಕರೀಬೇಕಾ? ಕರೆದ್ರೆ ಎಲ್ಲಾ ಪ್ರಮುಖ ಪಕ್ಷದವರಿಗೂ ಒಂದೇ ದಿನ, ಒಂದೇ ಒಕ್ಕಣೆ ಇರೋ ಪತ್ರ ಕೊಡಿ, ಕೊಟ್ಟಿದ್ದಕ್ಕೆ ಕಾಪಿ ಇಟ್ಕೊಳ್ಳಿ. ಷರತ್ತು ಒಂದೇ, ಕೊನೆವರೆಗೂ ಕೂರಬೇಕು. ಬಂದು ಮಾತಾಡಿ "ನನಗೆ ಇನ್ನೊಂದು ಕಾರ್ಯಕ್ರಮ ಇದೆ" ಅಂತ ಎದ್ದು ಹೋಗೋದು, ಅವರ ಹಿಂದೆ ಅರ್ಧ ಹಾಲ್ ಎದ್ದು ಹೋಗೋದು, ಇದು ಎಷ್ಟು ಸಲ ನೋಡಿಲ್ಲ ನೀವು. ಒಪ್ಪದಿದ್ರೆ ಕೈಮುಗಿದು "ಪ್ರೇಕ್ಷಕರಾಗಿ ಬನ್ನಿ ಸಾರ್" ಅನ್ನಿ. ನನ್ನ ಕೇಳಿದ್ರೆ ಮೊದಲ ಒಂದೆರಡು ಸಲ ಯಾರೂ ಬೇಡ.

ಜಾಗ, ಟೈಮು

ಸರ್ಕಾರಿ ಶಾಲೆ ಹಾಲ್, ಸಾಹಿತ್ಯ ಭವನ, ಅಂಬೇಡ್ಕರ್ ಭವನ, ಲೈಬ್ರರಿ ಮೇಲಿನ ಮಹಡಿ, ಯಾವ್ದಾದ್ರೂ ಆಗುತ್ತೆ. ದೇವಸ್ಥಾನದ ಕಲ್ಯಾಣ ಮಂಟಪ, ಮಠದ ಸಭಾಂಗಣ ಪುಕ್ಕಟೆ ಸಿಗುತ್ತೆ ಅಂತ ಆಸೆ ಪಡಬೇಡಿ, ಒಳಗೆ ಕಾಲಿಡೋಕೆ ಹಿಂದೆಮುಂದೆ ನೋಡೋ ಜನ ಊರಲ್ಲಿ ಇರ್ತಾರೆ, ಅವರು ಬಾಯಿಬಿಟ್ಟು ಹೇಳಲ್ಲ, ಸುಮ್ನೆ ಬರಲ್ಲ ಅಷ್ಟೇ. ಟೈಮಿಗೆ ಬಂದ್ರೆ, ಹಳ್ಳಿ ಕಡೆಯ ಕೊನೆ ಬಸ್ ಎಷ್ಟೊತ್ತಿಗೆ ಅಂತ ಮೊದ್ಲು ಕೇಳ್ಕೊಳ್ಳಿ, ಸಂಜೆ ಡೈರಿಗೆ ಹಾಲು ಹಾಕೋ ಹೊತ್ತು ಬಿಡಿ, ಸಂತೆ ದಿನ ಬಿಡಿ. ಭಾನುವಾರ ಬೆಳಗ್ಗೆ ಹತ್ತೂವರೆ ನಮ್ಮ ಕಡೆ ಸರಿಹೋಗುತ್ತೆ, ನಿಮ್ಮ ಕಡೆ ಬೇರೆ ಇರಬಹುದು. ಕುರ್ಚಿನ ಸಾಧ್ಯವಾದ್ರೆ ಅರ್ಧ ವೃತ್ತದಲ್ಲಿ ಹಾಕಿ, ವೇದಿಕೆ ಎತ್ತರ ಜಾಸ್ತಿ ಇದ್ರೆ ಪ್ಯಾನೆಲ್‌ನವರನ್ನೂ ಕೆಳಗೇ ಕೂರಿಸಿ.

ಪರ್ಮಿಷನ್ನು, ದುಡ್ಡು

ಹಾಲ್ ಒಳಗಿನ ಕಾರ್ಯಕ್ರಮ ಆದ್ರೂ ಸ್ಟೇಷನ್‌ಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ತಗೊಳ್ಳಿ, ದಿನಾಂಕ, ಸಮಯ, ವಿಷಯ, ಮಾತಾಡೋರ ಹೆಸರು, ಅಂದಾಜು ಎಷ್ಟು ಜನ, ಇಷ್ಟು ಸಾಕು. ಹೊರಗೆ ಸ್ಪೀಕರ್ ಕಟ್ಟೋದಾದ್ರೆ ಲಿಖಿತ ಅನುಮತಿ ಬೇಕೇ ಬೇಕು, ಶಬ್ದಮಾಲಿನ್ಯ ನಿಯಮ 2000ದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕೋ ಹಾಗಿಲ್ಲ, ಮುಚ್ಚಿದ ಸಭಾಂಗಣದ ಒಳಗೆ ವಿನಾಯಿತಿ ಇದೆ. ಊರಲ್ಲಿ ನಿಷೇಧಾಜ್ಞೆ ಇದ್ರೆ (ಮುಂಚೆ 144 ಅಂತಿದ್ವಲ್ಲ, 2024ರ ಜುಲೈಯಿಂದ ಅದು ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾಯ್ದೆ ಬಿಎನ್‌ಎಸ್‌ಎಸ್‌ನ ಸೆಕ್ಷನ್ 163) ಮುಂದಕ್ಕೆ ಹಾಕಿ, ವಾದ ಮಾಡ್ಕೊಂಡು ಕೂರಬೇಡಿ. ಚುನಾವಣಾ ನೀತಿಸಂಹಿತೆ ಜಾರಿಯಲ್ಲಿದ್ದಾಗ ಚುನಾವಣಾಧಿಕಾರಿ ಕಚೇರಿಲಿ ಕೇಳದೆ ರಾಜಕೀಯ ವಿಷಯದ ಸಭೆ ಇಟ್ಕೊಳ್ಳಬೇಡಿ. ಆಮೇಲೆ ಫ್ಲೆಕ್ಸ್ ಮಾಡಿಸಬೇಡಿ, ರಾಜ್ಯದಲ್ಲಿ 2016ರಿಂದಲೇ ನಿಷೇಧ, ಎಲ್ಲಾ ಕಡೆ ನೇತಾಡ್ತಿದೆ ಅಂತ ನಾವೂ ಹಾಕೋದು ಬೇಡ. ಬಟ್ಟೆ ಬ್ಯಾನರ್ ಒಂದು ಬರೆಸಿದ್ರೆ ಹತ್ತು ಸಲ ಬರುತ್ತೆ, ದಿನಾಂಕದ ಜಾಗದಲ್ಲಿ ಮಾತ್ರ ಪೇಪರ್ ಅಂಟಿಸ್ಕೊಂಡ್ರಾಯ್ತು.

ಖರ್ಚು ಮೈಕ್ ಸೆಟ್, ಕುರ್ಚಿ, ಟೀ-ಬಿಸ್ಕತ್ತು, ಜೆರಾಕ್ಸ್, ಅಷ್ಟರಲ್ಲೇ ನಿಲ್ಲಬೇಕು. ಕಂಟ್ರಾಕ್ಟರ್ ಕೊಡ್ತಾರೆ, ಟಿಕೆಟ್ ಆಕಾಂಕ್ಷಿ ಕೊಡ್ತಾರೆ ಅಂತ ಯಾರಾದ್ರೂ ಬಂದೇ ಬರ್ತಾರೆ, ಬೇಡ. ಬಾಗಿಲ ಹತ್ರ ಒಂದು ಡಬ್ಬ ಇಡಿ, ಮುಗಿದ ಮೇಲೆ ಖರ್ಚು-ಜಮಾ ಒಂದು ಹಾಳೇಲಿ ಬರೆದು ವಾಟ್ಸಾಪ್ ಗ್ರೂಪಿಗೆ ಹಾಕಿ.

ಒಂದು ಪುಟದ ಮಾಹಿತಿ ಹಾಳೆ

ಇದನ್ನ ಯಾರೂ ಮಾಡಲ್ಲ, ನನ್ನ ಪ್ರಕಾರ ಇದೇ ಜೀವಾಳ. ಬಂದವರ ಕೈಗೆ ಬಾಗಿಲಲ್ಲೇ ಒಂದು ಹಾಳೆ ಕೊಡಿ, ಅದರಲ್ಲಿ ಯಾರೂ ಜಗಳ ಆಡೋಕಾಗದಂಥ ಸಂಗತಿ ಮಾತ್ರ ಇರಬೇಕು. ಶಕ್ತಿ ಬಗ್ಗೆ ಆದ್ರೆ ಹೀಗೆ: ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ, ನಾಲ್ಕೂ ಸಾರಿಗೆ ನಿಗಮಗಳ ಬಸ್ಸಲ್ಲಿ ಇದೆ, ರಾಜ್ಯದ ನಿವಾಸಿ ಹೆಂಗಸರಿಗೆ ಮತ್ತೆ ಲಿಂಗತ್ವ ಅಲ್ಪಸಂಖ್ಯಾತರಿಗೆ ಅನ್ವಯ, ರಾಜಹಂಸ, ಎಸಿ ಬಸ್ಸಿಗೆ ಇಲ್ಲ, ಹೊರರಾಜ್ಯಕ್ಕೆ ಹೋಗೋ ಬಸ್ಸಿಗೆ ಇಲ್ಲ, ಬಿಎಂಟಿಸಿ ಬಿಟ್ಟು ಉಳಿದ ನಿಗಮಗಳ ಬಸ್ಸಲ್ಲಿ ಅರ್ಧ ಸೀಟು ಗಂಡಸರಿಗೆ ಅಂತ ಆದೇಶದಲ್ಲೇ ಇದೆ, 2025ರ ಜನವರಿ 5ರಿಂದ ಟಿಕೆಟ್ ದರ ಶೇ. 15 ಏರಿತು. ಇಷ್ಟು ಕೈಯಲ್ಲಿದ್ರೆ "ಅರ್ಧ ಸೀಟು ನಮಗಂತೆ ನಿಜಾನಾ" ಅನ್ನೋ ಪ್ರಶ್ನೆಗೆ ಹತ್ತು ನಿಮಿಷ ಹೋಗಲ್ಲ.

ಸ್ಥಳೀಯ ಅಂಕಿ-ಅಂಶ, ಅಂದ್ರೆ ನಿಮ್ಮ ಡಿಪೋದಲ್ಲಿ ಎಷ್ಟು ಬಸ್ ಇದೆ, ಯಾವ ರೂಟ್‌ಗೆ ದಿನಕ್ಕೆ ಎಷ್ಟು ಟ್ರಿಪ್, 2023ಕ್ಕೆ ಮುಂಚೆ ಎಷ್ಟಿತ್ತು, ಇದು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿದ್ರೇನೇ ಸಿಗೋದು. ಫೀಸು 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗುತ್ತೆ, ಉತ್ತರಕ್ಕೆ 30 ದಿನ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು ಅಂತ ಇದೆ, ಇದು ಗೊತ್ತಿಲ್ಲದೆ ಎರಡು ಪುಟ ಬರೆದು ವಾಪಸ್ ಬಂತು ಅಂತ ಗೋಳಾಡೋರು ತುಂಬ ಜನ. ಆದ್ದರಿಂದ ಕಾರ್ಯಕ್ರಮದ ದಿನಾಂಕ ಗೊತ್ತುಮಾಡೋಕೆ ಎರಡು ತಿಂಗಳು ಮುಂಚೆನೇ ಅರ್ಜಿ ಹಾಕಿಬಿಡಿ. ವಿಧಾನಸಭೆಯಲ್ಲಿ ನಿಮ್ಮ ಜಿಲ್ಲೆ ಶಾಸಕರು ಇದೇ ವಿಷಯ ಕೇಳಿ ಮಂತ್ರಿ ಉತ್ತರ ಕೊಟ್ಟಿದ್ರೆ ಅದನ್ನೂ ಹುಡುಕಿ, ಪ್ರಶ್ನೋತ್ತರಗಳು ವಿಧಾನಸಭೆ ಸಚಿವಾಲಯದ ವೆಬ್‌ಸೈಟಲ್ಲಿ ಇರುತ್ತೆ.

ಆ ದಿನ, ತೊಂಬತ್ತು ನಿಮಿಷ

ಹತ್ತೂವರೆ ಅಂದ್ರೆ ಹತ್ತೂವರೆಗೆ ಶುರು ಮಾಡಿ, ಹನ್ನೆರಡು ಜನ ಇದ್ರೂ ಸರಿ. ಸ್ವಾಗತ, ಪರಿಚಯ, ನಿಯಮ ಎಲ್ಲಾ ಸೇರಿ ಐದು ನಿಮಿಷ. ಹಾರ ಇಲ್ಲ, ಶಾಲಿಲ್ಲ, ಪುಸ್ತಕ ಕೊಡೋದಿದ್ರೆ ಕೊನೆಗೆ. ಮಾಹಿತಿ ಹಾಳೆನ ಒಬ್ಬರು ಐದು ನಿಮಿಷದಲ್ಲಿ ಓದಿ ಹೇಳ್ಲಿ. ಆಮೇಲೆ ಪ್ಯಾನೆಲ್‌ನವರಿಗೆ ತಲಾ ಆರೇಳು ನಿಮಿಷ, ನಡೆಸೋರು ಅವರವರ ಮಧ್ಯೆ ಪ್ರಶ್ನೆ ಹಾಕಿ ಇನ್ನೊಂದು ಹದಿನೈದು ನಿಮಿಷ, ಉಳಿದ ಮೂವತ್ತೈದು ನಲವತ್ತು ನಿಮಿಷ ಜನಕ್ಕೆ. ಎಲ್ಲಾದ್ರೂ ಟೈಮ್ ಜಾರಿದ್ರೆ ಪ್ಯಾನೆಲ್ ಕಡೆಯಿಂದ ಕತ್ತರಿಸಿ, ಜನರ ಪಾಲು ಮುಟ್ಟಬೇಡಿ. ಟೈಮ್ ಆಯ್ತು ಅಂತ ಚೀಟಿ ಕೊಟ್ರೆ ಮಾತಾಡೋರು ಅದನ್ನ ಮಡಚಿ ಜೇಬಿಗೆ ಹಾಕೋತಾರೆ, ಸ್ಟೀಲ್ ಲೋಟಕ್ಕೆ ಚಮಚದಲ್ಲಿ ಟಣ್ ಅಂತ ಹೊಡೀರಿ, ಹಾಲ್ ಎಲ್ಲಾ ನಗುತ್ತೆ, ಮಾತೂ ನಿಲ್ಲುತ್ತೆ.

ನಡೆಸೋರಿಗೆ ವಿಷಯ ಪಾಂಡಿತ್ಯಕ್ಕಿಂತ ಮೊಂಡುತನ ಬೇಕು, ನಗುನಗ್ತಾ ಮೊಂಡಾಟ ಮಾಡೋಕೆ ಬರಬೇಕು. ಸ್ವಂತ ಅಭಿಪ್ರಾಯ ಮನೇಲಿ ಬಿಟ್ಟು ಬರಬೇಕು. ವಯಸ್ಸಾದವರನ್ನ ನಿಲ್ಲಿಸೋಕೆ ನಮಗೆಲ್ಲ ಸಂಕೋಚ, ಅಲ್ಲೇ ಕಾರ್ಯಕ್ರಮ ಕೈಜಾರೋದು. ಕೆಲವು ಮಾತು ರೆಡಿ ಇಟ್ಕೊಳ್ಳಿ: "ಯಜಮಾನ್ರೇ, ಈ ಪ್ರಶ್ನೆ ಯಾರಿಗೆ ಅಂತ ಹೇಳಿಬಿಡಿ, ಅವರಿಂದಲೇ ಉತ್ತರ ಕೊಡಿಸ್ತೀನಿ." ಇದೊಂದಕ್ಕೆ ಎಂಥ ಉದ್ದ ಭಾಷಣನೂ ನಿಲ್ಲುತ್ತೆ, ಯಾಕಂದ್ರೆ ಭಾಷಣದೊಳಗೆ ಪ್ರಶ್ನೆನೇ ಇರಲ್ಲ. "ಸಾರ್, ನಿಮ್ಮ ಪಾಯಿಂಟು ಬಂತು, ಇದಕ್ಕೆ ಹಿಂದಿನ ಸಾಲಿನ ಅಕ್ಕ ಏನಂತಾರೆ ಕೇಳೋಣ" ಅನ್ನೋದೂ ಕೆಲಸ ಮಾಡುತ್ತೆ.

ಮೈಕ್ ಯಾರ ಕೈಗೂ ಕೊಡಬೇಡಿ. ಇದನ್ನ ಬೇಕಾದ್ರೆ ಗೋಡೆ ಮೇಲೆ ಬರೆದಿಟ್ಕೊಳ್ಳಿ. ಒಬ್ಬ ಹುಡುಗನೋ ಹುಡುಗಿನೋ ಮೈಕ್ ಹಿಡ್ಕೊಂಡು ಕೇಳೋರ ಬಾಯಿ ಹತ್ರ ಹಿಡಿಬೇಕು, ಒಂದು ನಿಮಿಷ ಆದ್ಮೇಲೆ ಮೆಲ್ಲಗೆ ಹಿಂದಕ್ಕೆ ತಗೋಬೇಕು. ಕೈಗೆ ಕೊಟ್ರೋ, ವಾಪಸ್ ಇಸ್ಕೊಳ್ಳೋದು ಭಗೀರಥ ಪ್ರಯತ್ನ.

ಮೊದಲ ಪ್ರಶ್ನೆ ಹೆಂಗಸರಿಂದ ಇಲ್ಲಾ ಸ್ಟೂಡೆಂಟ್ಸ್ ಕಡೆಯಿಂದ ಬರಲಿ. ಮೊದಲು ನಾಲ್ಕು ಗಂಡಸರು ಕೇಳಿದ್ರೆ ಆಮೇಲೆ ಹೆಂಗಸರು ಕೈ ಎತ್ತೋದು ಕಷ್ಟ, ಇದು ಎಲ್ಲಾ ಊರಲ್ಲೂ ಹಿಂಗೇ. ಚೀಟಿ, ಪೆನ್ಸಿಲ್ಲು ಮುಂಚೆನೇ ಹಂಚಿ, ನಿಂತು ಮಾತಾಡೋಕೆ ಆಗದೋರು ಬರೆದು ಕೊಡ್ತಾರೆ, ಹೆಸರು ಹಾಕೋದು ಕಡ್ಡಾಯ ಬೇಡ. ಬಸ್ ವಿಷಯದ ಒಂದು ಸಭೇಲಿ ಕಂಬದ ಹಿಂದೆ ಕೂತಿದ್ದ ಒಬ್ಬ ಅಮ್ಮ ಮೈಕ್ ಹತ್ರ ಬಂದಾಗ ಸೆರಗು ಬಾಯಿಗಿಟ್ಕೊಂಡು, "ಫ್ರೀ ಅಂದ್ರೇನ್ ಬಂತು ಸಾಮಿ, ನಮ್ಮೂರಿಗೆ ಬರೋದೇ ಒಂದ್ ಟ್ರಿಪ್ಪು, ಅದು ಹೋದ್ಮೇಲೆ ಫ್ರೀನ ತಲೆ ಮೇಲೆ ಹೊತ್ಕೊಂಡು ನಡ್ಕೊಂಡ್ ಹೋಗ್ಲಾ?" ಅಂದ್ರು. ಅಲ್ಲಿವರೆಗೂ ಯೋಜನೆ ಒಳ್ಳೇದಾ ಕೆಟ್ಟದ್ದಾ ಅಂತ ಎಳೆದಾಡ್ತಿದ್ದೋರೆಲ್ಲ ಟ್ರಿಪ್ ಲೆಕ್ಕಕ್ಕೆ ಇಳಿದ್ರು, ರಿಟೈರ್ಡ್ ಕಂಡಕ್ಟರ್ ಯಾವ ಬಸ್ಸನ್ನ ಎಲ್ಲಿವರೆಗೆ ಎಳೆದ್ರೆ ಆ ಊರಿಗೆ ಇನ್ನೊಂದು ಟ್ರಿಪ್ ಆಗುತ್ತೆ ಅಂತ ಬೋರ್ಡ್ ಮೇಲೆ ಬರೆದು ತೋರಿಸಿದ್ರು.

ಭಾಷೆ ಬಗ್ಗೆ ಒಂದು ಮಾತು. ಕರಾವಳಿಲಿ ತುಳುಲಿ ಕೇಳ್ತಾರೆ, ಕಲಬುರಗಿ ಕಡೆ ಉರ್ದುಲಿ ಕೇಳ್ತಾರೆ, ಕೇಳಲಿ, ಪಕ್ಕದಲ್ಲಿರೋರು ಕನ್ನಡದಲ್ಲಿ ಹೇಳಿದ್ರಾಯ್ತು. ಗ್ರಾಂಥಿಕ ಕನ್ನಡದಲ್ಲೇ ಕೇಳಬೇಕು ಅನ್ನೋ ಭಯ ಹುಟ್ಟಿಸಬೇಡಿ.

ಗಲಾಟೆ ಆದ್ರೆ

ಶುರುವಲ್ಲೇ ಮೂರು ನಿಯಮ ಹೇಳಿಬಿಡಿ: ವ್ಯಕ್ತಿ ಹೆಸರೆತ್ತಿ ಬೈಯೋ ಹಾಗಿಲ್ಲ, ಜಾತಿ-ಧರ್ಮ ಹಿಡಿದು ಹೀಯಾಳಿಸೋ ಹಾಗಿಲ್ಲ, ಘೋಷಣೆ ಕೂಗೋ ಹಾಗಿಲ್ಲ. ಧರ್ಮ, ಜಾತಿ, ಭಾಷೆ ಆಧಾರದಲ್ಲಿ ದ್ವೇಷ ಹಬ್ಬಿಸೋ ಮಾತಿಗೆ ಹೊಸ ದಂಡಸಂಹಿತೆ ಬಿಎನ್‌ಎಸ್‌ನ ಸೆಕ್ಷನ್ 196 (ಹಳೇ ಐಪಿಸಿ 153ಎ), ಧಾರ್ಮಿಕ ಭಾವನೆಗೆ ಬೇಕಂತಲೇ ಧಕ್ಕೆ ತಂದ್ರೆ 299, ಮಾನಹಾನಿಗೆ 356, ಇದನ್ನ ಹೆದರಿಸೋ ಧಾಟೀಲಿ ಹೇಳೋದು ಬೇಡ, ಪ್ಯಾನೆಲ್‌ನವರಿಗೆ ಮಾತ್ರ ಮುಂಚೆ ತಿಳಿಸಿರಿ. ಯಾರಾದ್ರೂ ರೇಗಿದ್ರೆ ಅವರ ಮೈಕ್ ಆಫ್ ಮಾಡಿಸಬೇಡಿ, ಇನ್ನೂ ರೇಗ್ತಾರೆ. ಅವರು ಹೇಳಿದ್ದನ್ನ ನೀವೇ ಒಂದು ವಾಕ್ಯದಲ್ಲಿ ಸಮಾಧಾನವಾಗಿ ತಿರುಗಿ ಹೇಳಿ "ಇಷ್ಟೇ ಅಲ್ವಾ ನೀವು ಹೇಳೋದು" ಅಂತ ಕೇಳಿ, ಮುಕ್ಕಾಲು ಪಾಲು ಜನ ಅಲ್ಲಿಗೇ ಕೂತ್ಕೋತಾರೆ. ಆಮೇಲೂ ನಿಲ್ಲದಿದ್ರೆ ಟೀ ಬ್ರೇಕ್ ಕೊಡಿ, ಅವರ ಪರಿಚಯದೋರೇ ಒಬ್ರು ಹೆಗಲ ಮೇಲೆ ಕೈ ಹಾಕಿ ಹೊರಗೆ ಕರ್ಕೊಂಡು ಹೋಗ್ಲಿ.

ಮೊಬೈಲ್‌ನಲ್ಲಿ ಎಲ್ಲರೂ ರೆಕಾರ್ಡ್ ಮಾಡ್ತಾರೆ, ತಡೆಯೋಕೆ ಆಗಲ್ಲ. ನೀವೂ ಶುರುವಿಂದ ಕೊನೆವರೆಗೆ ಪೂರ್ತಿ ವಿಡಿಯೋ ಮಾಡಿಟ್ಕೊಳ್ಳಿ. ಇಪ್ಪತ್ತು ಸೆಕೆಂಡಿನ ತುಂಡು ಮಾಡಿ "ನೋಡಿ ಹಿಂಗಂದ್ರು" ಅಂತ ಯಾರಾದ್ರೂ ಹರಿಬಿಟ್ರೆ ಪೂರ್ತಿದು ತೋರಿಸಬಹುದು. ಪ್ರೇಕ್ಷಕರ ಮುಖ ಬೇಡ, ಕ್ಯಾಮೆರಾ ವೇದಿಕೆ ಕಡೆಗೆ ಮಾತ್ರ ಇರಲಿ, ಅದನ್ನ ಶುರುವಲ್ಲೇ ಹೇಳಿ, ಹೆಂಗಸರು ಸ್ವಲ್ಪ ಸಲೀಸಾಗಿ ಮಾತಾಡ್ತಾರೆ.

ಮುಗಿದ ಮೇಲೆ

ವಂದನಾರ್ಪಣೆಗೆ ಒಂದು ನಿಮಿಷ ಸಾಕು, "ಮೈಕ್ ಸೆಟ್‌ನವರಿಗೆ, ಶಾಮಿಯಾನದವರಿಗೆ" ಅಂತ ಪಟ್ಟಿ ಓದೋದು ಬೇಡ, ಅವರಿಗೆ ದುಡ್ಡು ಟೈಮಿಗೆ ಕೊಟ್ರೆ ಅದೇ ದೊಡ್ಡ ವಂದನೆ.

ಅವತ್ತು ಸಂಜೆನೇ ಕೂತು ಒಂದು ಪುಟ ಬರೀರಿ, ಜನ ಏನೇನು ಕೇಳಿದ್ರು, ಯಾವುದರಲ್ಲಿ ಒಮ್ಮತ ಬಂತು, ಯಾವುದರಲ್ಲಿ ಬರಲಿಲ್ಲ ಅಂತ. ಒಮ್ಮತ ಬರಲಿಲ್ಲ ಅನ್ನೋದನ್ನ ಮುಚ್ಚಿಡಬೇಡಿ, ಎರಡೂ ಕಡೆಯ ಮಾತು ಒಂದೊಂದು ಸಾಲು ಹಾಕಿ. ಮಾಡಬಹುದಾದ ಕೆಲಸ ಒಂದೋ ಎರಡೋ ಇದ್ರೆ ಮಾತ್ರ ಮನವಿ ಪತ್ರ ಮಾಡಿ, ಹನ್ನೆರಡು ಬೇಡಿಕೆ ಇರೋ ಪತ್ರಾನ ಯಾವ ಆಫೀಸಲ್ಲೂ ಓದಲ್ಲ. ಇಂಥ ಊರಿಗೆ ಸಂಜೆ ಇಷ್ಟು ಗಂಟೆಗೆ ಒಂದು ಟ್ರಿಪ್, ಇಷ್ಟು ಜನ ಸಹಿ, ಅಷ್ಟೇ ಇರಲಿ. ಡಿಪೋ ಮ್ಯಾನೇಜರ್‌ಗೆ ಒಂದು, ಶಾಸಕರ ಕಚೇರಿಗೆ ಒಂದು ಪ್ರತಿ ಕೊಟ್ಟು ನಿಮ್ಮ ಕಾಪಿ ಮೇಲೆ ಸೀಲು, ತಾರೀಕು ಹಾಕಿಸ್ಕೊಂಡೇ ಹೊರಗೆ ಬನ್ನಿ. ಪೇಪರ್‌ನ ಸ್ಥಳೀಯ ವರದಿಗಾರರಿಗೆ ಫೋಟೋ ಜೊತೆ ಆ ಒಂದು ಪುಟ ಕಳಿಸಿದ್ರೆ ಸಾಕು, ನಾಲ್ಕು ಸಾಲಾದ್ರೂ ಬರುತ್ತೆ.

ಬರೆದುಕೊಟ್ಟ ಚೀಟಿಗಳನ್ನ ಎಸೀಬೇಡಿ. ಹೊತ್ತಾಗಿದ್ದಕ್ಕೆ ಓದದೆ ಉಳಿದಿದ್ದು, ವಿಷಯಕ್ಕೆ ಸಂಬಂಧ ಇಲ್ಲ ಅಂತ ಪಕ್ಕಕ್ಕಿಟ್ಟಿದ್ದು ಎಲ್ಲಾ ಒಂದು ಕವರ್‌ನಲ್ಲಿ ಹಾಕಿಡಿ, ರೇಷನ್ ಕಾರ್ಡ್ ರದ್ದಾಗಿದ್ದು, ಒಳಚರಂಡಿಗೆ (ಯುಜಿಡಿ) ಅಗೆದು ಮುಚ್ಚದೇ ಬಿಟ್ಟಿದ್ದು, ಕೆರೆ ಒತ್ತುವರಿ, ಅದರಲ್ಲೇ ಇರುತ್ತೆ ಎಲ್ಲಾ, ಎರಡು ತಿಂಗಳ ನಂತರದ ಸಂವಾದಕ್ಕೆ ವಿಷಯ ಹುಡುಕ್ತಾ ಕೂರೋ ಕೆಲಸ ತಪ್ಪುತ್ತೆ, ಆರ್‌ಟಿಐ ಅರ್ಜಿನ ಆ ವಾರವೇ ಹಾಕಬಹುದು.